ಚನ್ನರಾಯಪಟ್ಟಣಕ್ಕೆ ಬರಬೇಕಿದ್ದ ಸ್ಟಾರ್

ಪ್ರವಾಸೋದ್ಯಮದಲ್ಲಿ ಸಾರಿಗೆ, ವಸತಿ, ಊಟ, ತಿರುಗಾಟ ಎಂಬ ನಾಲ್ಕು ವಿಭಾಗಗಳಿವೆ ಎಂದು ತಿಳಿದವರು ಹೇಳುತ್ತಾರೆ. ಚನ್ನರಾಯಪಟ್ಟಣದ ಹೆದ್ದಾರಿ ಬದಿಯ ಲಾಡ್ಜೊಂದರಲ್ಲಿ ಬಹಳ ವರ್ಷ ಮ್ಯಾನೇಜರ್ ಆಗಿದ್ದ ನನ್ನ ಅನುಭವದಲ್ಲಿ ಐದನೆಯದೂ ಒಂದಿದೆ: ಆಘಾತ. ಉಳಿದ ನಾಲ್ಕಕ್ಕೆ ಸೀಸನ್ ಎಂಬುದುಂಟು. ಇದು ವರ್ಷಪೂರ್ತಿ ನಡೆಯುತ್ತದೆ.

೧. ಮೊದಲ ಪ್ರವಾಸಿ

ತೊಂಬತ್ತರ ದಶಕದ ಮಾತು. ನಮ್ಮ ಮಾಲೀಕರು ತೆಂಗಿನಕಾಯಿ ಮಂಡಿ ಮುಚ್ಚಿ ಇಪ್ಪತ್ತು ರೂಮಿನ ಲಾಡ್ಜ್ ಕಟ್ಟಿದ್ದರು. ಬೇಲೂರು, ಹಳೇಬೀಡಿಗೆ ಹೋಗುವ ಟೂರಿಸ್ಟ್ ಬಸ್ಸುಗಳು ನಮ್ಮ ಮುಂದೆಯೇ ಹಾದುಹೋಗುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ಸ್ಟಾರ್ ಇಲ್ಲದ ಲಾಡ್ಜಿನಲ್ಲಿ ಜನರನ್ನು ಇಳಿಸುವುದಿಲ್ಲ ಎಂದು ಬೆಂಗಳೂರಿನ ಏಜೆಂಟರು ಹೇಳಿಬಿಟ್ಟಿದ್ದರು. ಮಾಲೀಕರು ನನ್ನನ್ನು ಕರೆದು, "ಮ್ಯಾನೇಜ್ರೇ, ಒಂದು ಸ್ಟಾರಾದ್ರೂ ತರ್ಲೇಬೇಕು. ಇಲ್ದಿದ್ರೆ ನಾನು ಮತ್ತೆ ಕಾಯಿ ಸುಲಿಸ್ಕಂಡು ಕೂರ್ಬೇಕಾಯ್ತದೆ," ಎಂದರು.

ಸ್ಟಾರ್ ಕೊಡುವವರು ಯಾರು ಎಂದು ಹುಡುಕಿಕೊಂಡು ಹೊರಟೆ. ಪುರಸಭೆಯವರು ನಮ್ಮದು ಲೈಸೆನ್ಸ್ ಮಾತ್ರ ಎಂದರು. ಪೊಲೀಸರು ರಿಜಿಸ್ಟರ್ ಮಾತ್ರ ಎಂದರು. ಆರೋಗ್ಯದವರು ಅಡುಗೆಮನೆ ಮಾತ್ರ ಎಂದರು. ಕೊನೆಗೆ ಹಾಸನದಲ್ಲಿ ಪ್ರವಾಸಿಗರಿಗೆ ಮಾಹಿತಿ ಕೊಡುವ ಒಂದು ಕಚೇರಿ ಸಿಕ್ಕಿತು. ಅಲ್ಲಿದ್ದ ಗುಮಾಸ್ತರು ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಒರೆಸಿ ಕೂರಿಸಿದರು, ಕಾಫಿ ತರಿಸಿದರು. ಕಚೇರಿಯಲ್ಲಿ ಕಾಫಿ ಕಂಡು ನನಗೆ ಭಯವಾಯಿತು. ಬೇಲೂರಿನ ನಕ್ಷೆ, ಹಳೇಬೀಡಿನ ನಕ್ಷೆ, ಶ್ರವಣಬೆಳಗೊಳದ ಬೆಟ್ಟ ಹತ್ತುವ ವಿವರ, ಎಲ್ಲವನ್ನೂ ಕೈಗಿಟ್ಟರು. ಬೆಳಗೊಳ ನಮ್ಮ ತಾಲ್ಲೂಕೇ ಎಂದೆ.

"ಇರ್ಲಿ ಸಾರ್, ಇಟ್ಕೊಳಿ. ನಾನು ಇಲ್ಲಿಗೆ ವರ್ಗವಾಗಿ ಬಂದಮೇಲೆ ಒಳಗೆ ಬಂದವರಲ್ಲಿ ನೀವೇ ಮೊದಲನೆಯವರು," ಎಂದರು.

ಸ್ಟಾರ್ ಕೊಡಲು ಬೇರೆ ಕಮಿಟಿಯಿದೆ ಎಂದು ವಿಳಾಸ ಬರೆದುಕೊಟ್ಟರು. ಕಳುಹಿಸುವ ಮೊದಲು ಪ್ರವಾಸಿಗರ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಆ ವರ್ಷ ಜಿಲ್ಲೆಗೆ ಭೇಟಿ ಕೊಟ್ಟ ಪ್ರವಾಸಿಗರ ಲೆಕ್ಕದಲ್ಲಿ ನಾನೂ ಇದ್ದೇನೆ.

೨. ರಜಾ ಅರ್ಜಿ

ಕಮಿಟಿ ಕಳುಹಿಸಿದ ಫಾರಂನಲ್ಲಿ, ರಿಸೆಪ್ಷನ್ನಿನಲ್ಲಿ ಇಂಗ್ಲಿಷ್ ಬಲ್ಲವರು ಇರಬೇಕು ಎಂದಿತ್ತು. ಹೊಳೆನರಸೀಪುರದಿಂದ ಒಬ್ಬ ನಿವೃತ್ತ ಹೆಡ್‌ಮಾಸ್ಟರನ್ನು ಕರೆತಂದು ಕೂರಿಸಿದೆವು. ಇಂಗ್ಲಿಷಿಗೇನೂ ಕೊರತೆಯಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವರು ರೂಮು ರೂಮಿನ ಬಾಗಿಲು ತಟ್ಟಿ ಹಾಜರಿ ತೆಗೆದುಕೊಳ್ಳುತ್ತಿದ್ದರು.

ಎರಡು ದಿನಕ್ಕೆಂದು ರೂಮು ಹಿಡಿದಿದ್ದ ವಿದೇಶಿಯೊಬ್ಬ ಒಂದೇ ದಿನಕ್ಕೆ ಹೊರಟ. ಮೇಷ್ಟ್ರು ಬಿಡಲಿಲ್ಲ. ಕಾರಣಸಹಿತ ರಜಾ ಅರ್ಜಿ ಕೇಳಿದರು. ಈ ದೇಶದಲ್ಲಿ ಹೀಗೂ ಒಂದು ನಿಯಮವಿರಬೇಕೆಂದುಕೊಂಡು ಆತ ನಿಂತಲ್ಲೇ ಬರೆದುಕೊಟ್ಟ. ಆ ಹಾಳೆ ಈಗಲೂ ನನ್ನಲ್ಲಿದೆ. ಕಾರಣ: ವಿಮಾನ ಹೊರಡುತ್ತದೆ. ಕೆಳಗೆ ಮೇಷ್ಟ್ರ ಷರಾ: 'ಈ ಸಲ ಮನ್ನಿಸಲಾಗಿದೆ. ಇನ್ನು ಮುಂದೆ ಪೋಷಕರ ಸಹಿ ಇರತಕ್ಕದ್ದು.'

೩. ಮಜ್ಜಿಗೆ

ವಿದೇಶಿ ತಿಂಡಿ ಇರಬೇಕೆಂದೂ ಫಾರಂನಲ್ಲಿತ್ತು. ನಮ್ಮ ಅಡುಗೆಯವರು ಅರಕಲಗೂಡಿನವರು; ಮದುವೆ ಮನೆಗಳಲ್ಲಿ ಕೈ ಪಳಗಿದವರು. ಬಾಳೆ ಎಲೆ ಹಾಕಿ ಬ್ರೆಡ್ಡು, ಬೆಣ್ಣೆ, ಜಾಮು ಸಾಲಾಗಿ ಬಡಿಸಿದರು. ಜಪಾನಿನ ಗಂಡಹೆಂಡತಿ ಬೇಗ ತಿಂದು ಹಾಸನದ ಬಸ್ಸಿಗೆಂದು ಎದ್ದರು. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತು, ಮಜ್ಜಿಗೆ ಬರುವ ಮೊದಲು ಪಂಕ್ತಿಯಿಂದ ಏಳಬಾರದು ಎಂದು ಸನ್ನೆ ಮಾಡಿದರು. ಪಾಪ, ಅವರು ತಲೆಬಾಗಿಸಿ ಮತ್ತೆ ಕೂತರು. ಬ್ರೆಡ್ಡಿನ ಚೂರುಗಳ ಮೇಲೆ ಮಜ್ಜಿಗೆ ಬಿತ್ತು. ಅಷ್ಟರಲ್ಲಿ ಬಸ್ಸು ಹೋಯಿತು.

ನಾನು ರೇಗಿದೆ. ಅಡುಗೆಯವರು ಶಾಂತವಾಗಿ, "ಬಸ್ಸು ಇನ್ನೊಂದು ಬರುತ್ತೆ ಸ್ವಾಮಿ. ಅರ್ಧಕ್ಕೇ ಎದ್ದು ಹೋದೋರು ಮತ್ತೆ ಬರ್ತಾರಾ?" ಎಂದರು.

೪. ರೂಮು ಖಾಲಿಯಿಲ್ಲ

ಕಡೆಗೆ ಕಮಿಟಿ ಬರುವ ದಿನ ಗೊತ್ತಾಯಿತು. ಖಾಲಿ ಲಾಡ್ಜ್ ಕಂಡರೆ ಅವರು ಸ್ಟಾರ್ ಕೊಡುವುದಿಲ್ಲ ಎಂದು ಯಾರೋ ಮಾಲೀಕರ ಕಿವಿಗೆ ಹಾಕಿದ್ದರು. ಹಿಂದಿನ ದಿನವೇ ದಂಡಿಗನಹಳ್ಳಿ ಮತ್ತು ದುದ್ದದಿಂದ ಎರಡು ಟೆಂಪೊ ತುಂಬ ನೆಂಟರು ಬಂದಿಳಿದು ಇಪ್ಪತ್ತು ರೂಮನ್ನೂ ತುಂಬಿದರು. ಮಾಲೀಕರು ಎಲ್ಲರಿಗೂ ಪ್ರವಾಸಿಗರ ಹಾಗೆ ಇರಬೇಕೆಂದು ತಾಕೀತು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಹಡಿಯ ಕಂಬಿಯ ಮೇಲೆಲ್ಲ ಸೀರೆ, ಪಂಚೆ ಒಣಗುತ್ತಿದ್ದವು.

ಕಮಿಟಿಯಲ್ಲಿ ಮೂವರು. ಒಬ್ಬರು ಸರ್ಕಾರದವರು, ಒಬ್ಬರು ಹೋಟೆಲು ಮಾಲೀಕರ ಸಂಘದವರು, ಒಬ್ಬರು ಟ್ರಾವೆಲ್ ಏಜೆಂಟರ ಸಂಘದವರು. ಮೂರೂ ಸಂಸ್ಥೆಗಳ ನಡುವೆ ಹೊಂದಾಣಿಕೆ ಚೆನ್ನಾಗಿದ್ದುದರಿಂದ ಮೂವರೂ ಮೂರು ಕಾರುಗಳಲ್ಲಿ ಬಂದರು.

ಸರ್ಕಾರದವರು ಮೊದಲ ರೂಮಿನ ಬಾಗಿಲು ತಟ್ಟಿದರು. ಅಲ್ಲಿದ್ದವರು ದಂಡಿಗನಹಳ್ಳಿಯಿಂದ ಬಂದ ಮಾಲೀಕರ ಸೋದರತ್ತೆ. ಸೇವೆ ಹೇಗಿದೆಯಮ್ಮ ಎಂದು ಇವರು ಕೇಳಿದರು.

"ನಮ್ಮಣ್ಣನ ಮಗ ಒಳ್ಳೇವ್ನೇ ಕಣಪ್ಪ. ಕಮಿಟಿಯೋರು ಬಂದು ಓಗೋ ಗಂಟ ಇರು ಅತ್ತೆ ಅಂತ ಬಲವಂತ ಮಾಡಿ ಕರ್ಕಂಬಂದವ್ನೆ," ಎಂದ ಅತ್ತೆ, ಅವರನ್ನು ಮೇಲಿಂದ ಕೆಳಗೆ ನೋಡಿ, "ನಿನ್ನೂ ಅಂಗೇ ಕರ್ಸವ್ನಾ?" ಎಂದು ಕೇಳಿದರು.

ಆದರೆ ಆಘಾತ ಅಲ್ಲಿಗೇ ಮುಗಿಯಲಿಲ್ಲ. ಒಂದು ರಾತ್ರಿ ಉಳಿದು ನೋಡದೆ ವರದಿ ಬರೆಯುವಂತಿಲ್ಲ, ಮೂರು ರೂಮು ಕೊಡಿ ಎಂದರು ಹೋಟೆಲು ಸಂಘದವರು. ರೂಮು ಎಲ್ಲಿತ್ತು? ಮಾಲೀಕರು ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ.

"ಯಾರೋ ದಾರೀಲಿ ಓಗೋರ್ಗೆ ನಾನ್ ಯಾಕ್ಲಾ ರೂಮ್ ಬುಡ್ಲಿ? ನಿಂಗೆ ನೆಂಟ್ರು ಎಚ್ಚೋ, ಗಿರಾಕಿ ಎಚ್ಚೋ?"

ಉಳಿದ ಹತ್ತೊಂಬತ್ತು ರೂಮಿನವರೂ ಇದನ್ನೇ ಕೇಳಿದರು. ಬೇರೆ ದಾರಿ ಕಾಣದೆ ಮಾಲೀಕರು ಕಮಿಟಿಯನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಮಾಲೀಕರ ಹೆಂಡತಿ ಮುದ್ದೆ, ಅವರೆಕಾಳು ಸಾರು ಮಾಡಿ ಬಡಿಸಿದರು. ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿಕೊಟ್ಟರು.

ಎರಡು ತಿಂಗಳಿಗೆ ವರದಿ ಬಂತು. 'ಲಾಡ್ಜಿನಲ್ಲಿ ತಂಗಲು ಸಾಧ್ಯವಾಗದ ಕಾರಣ ಸ್ಟಾರ್ ಕೊಡಲಾಗುವುದಿಲ್ಲ. ಮಾಲೀಕರ ಮನೆ ಎಲ್ಲ ರೀತಿಯಲ್ಲೂ ಯೋಗ್ಯವಾಗಿದೆ. ಆದರೆ ಮನೆಗೆ ಸ್ಟಾರ್ ಕೊಡಲು ನಿಯಮವಿಲ್ಲ.'

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ನಿಯಮವೂ ಬಂತು. ಮನೆಗಳಲ್ಲೇ ಪ್ರವಾಸಿಗರನ್ನು ಇರಿಸಿಕೊಳ್ಳಬಹುದು, ಅದಕ್ಕೆ ಹೋಂಸ್ಟೇ ಎಂದು ಹೆಸರು. ಏಜೆಂಟರ ಸಂಘದವರು ಅವರೆಕಾಳು ಸಾರನ್ನು ಮರೆತಿರಲಿಲ್ಲ. ಬೆಂಗಳೂರಿನ ಬಸ್ಸುಗಳು ಲಾಡ್ಜನ್ನು ದಾಟಿ ನೇರ ಮಾಲೀಕರ ಮನೆ ಮುಂದೆ ನಿಲ್ಲತೊಡಗಿದವು. ನಡುಮನೆ, ಕೋಣೆ, ಜಗಲಿ ಎಲ್ಲ ತುಂಬಿ ಮಾಲೀಕರಿಗೆ ಮಲಗಲು ಜಾಗ ಇಲ್ಲದಾಯಿತು. ಹಾಸಿಗೆ ಸುತ್ತಿಕೊಂಡು ಲಾಡ್ಜಿಗೆ ಬಂದರು.

ಬಂದ ಮಾರನೆಯ ಬೆಳಿಗ್ಗೆಯೇ ನಲ್ಲಿಯಲ್ಲಿ ಬಿಸಿನೀರು ಬರುತ್ತಿಲ್ಲ, ಫ್ಯಾನು ಕಿರುಗುಟ್ಟುತ್ತದೆ, ಕರೆದರೆ ಓ ಎನ್ನುವವರಿಲ್ಲ ಎಂದು ನನ್ನ ಮೇಜಿನ ಮುಂದೆ ನಿಂತು ಕೂಗಾಡಿದರು. ನಾನು ಎದ್ದು ನಿಂತು ವಿನಯದಿಂದಲೇ ಹೇಳಿದೆ: "ಸ್ಟಾರ್ ಇಲ್ಲದ ಲಾಡ್ಜು ಸಾರ್. ಅನುಕೂಲ ಬೇಕು ಅನ್ನೋರನ್ನ ನಾವು ನಿಮ್ಮ ಮನೆಗೇ ಕಳಿಸ್ತೀವಿ."