ಇಲ್ಲಿ ಕಿಟಕಿಯಾಚೆ ನೋಡುವುದು

ಸಾಹಿತ್ಯ ಕಲಿಸುವುದೇನು ಮಹಾ ಕೆಲಸವಲ್ಲ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸರೋಜ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಹೊಸದುರ್ಗದ ಸ್ವಗೃಹದಲ್ಲಿ ಸಲ್ಲುವ ಗೌರವ ಇಷ್ಟೇ.

ಎದುರಿಗೆ ಕೂತಿದ್ದವರು ಪಕ್ಕದ ಮನೆಯ ಕರಿಯಪ್ಪ ಮತ್ತು ಅವನ ಮಗಳು ರಂಜಿತಾ. ಮತ್ತೋಡಿನ ಕಡೆಯ ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ಮಂದೆ ಹೊರಟರೆ ಮನೆಮಂದಿಯೂ ಅದರ ಹಿಂದೆ. ಹೀಗೆ ಶಾಲೆ ತಪ್ಪಿಹೋದ ರಂಜಿತಾ ಈಗ ಮನೆಯಲ್ಲೇ ಕೂತು ಹತ್ತನೆಯ ತರಗತಿ ಓದುತ್ತಿದ್ದಳು. ಇಂಥ ಮಕ್ಕಳಿಗೆಂದೇ ಚಿತ್ರದುರ್ಗದಲ್ಲಿ ಒಂದು ಕೇಂದ್ರವಿದೆ. ಅದು ಪುಸ್ತಕ ಕೊಡುತ್ತದೆ. ಮನೆಯಲ್ಲಿ ಬರೆದ ಉತ್ತರಗಳನ್ನು ತರಿಸಿಕೊಂಡು ತಿದ್ದುತ್ತದೆ. ಅವು ಒಪ್ಪಿಗೆಯಾದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತದೆ.

“ಲೆಕ್ಕ, ವಿಜ್ಞಾನ ಎಲ್ಲ ಮೊಬೈಲ್ ನೋಡ್ಕಂಡು ಕಲಿತವ್ಳೆ ಮೇಷ್ಟ್ರೆ. ಕನ್ನಡ ಒಂದು ತಲೆಗೆ ಹತ್ತಲ್ಲ ಅಂತಾಳೆ,” ಎಂದ ಕರಿಯಪ್ಪ. “ಪಾಸಾದ್ರೆ ಕಾಲೇಜಿಗೆ ಹಾಕ್ತೀನಿ. ಇಲ್ಲಾಂದ್ರೆ ಕುರಿ ಅವೆ, ಕೋಲು ಐತೆ.”

ರಂಜಿತಾ ನೆಲ ನೋಡುತ್ತಾ ಕಾಲಿನ ಹೆಬ್ಬೆರಳು ಒತ್ತಿಕೊಂಡಳು. ನನ್ನ ಎದೆ ಉಬ್ಬಿತು. ಕನ್ನಡ ಸಾಹಿತ್ಯಕ್ಕೂ ಕುರಿಮಂದೆಗೂ ನಡುವೆ ಈಗ ನಿಂತಿರುವವನು ನಾನೊಬ್ಬನೇ!

“ಚಿಂತೆ ಬಿಡಯ್ಯ,” ಎಂದೆ. “ನನ್ನ ಕೈಗೆ ಬಂದ ಮೇಲೆ ಆಯಿತು ಅಂದ್ಕೋ.”

ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಲೋಟಕ್ಕೆ ಚಮಚ ಬಡಿದು ಗಂಟೆ ಬಾರಿಸಿದೆ. ನಡುಮನೆಯಲ್ಲಿ ನಿಂತು ಹಾಜರಿ ಕರೆದೆ. “ರೋಲ್ ನಂಬರ್ ಒಂದು!” ರಂಜಿತಾ ಎದ್ದು “ಹಾಜರ್ ಸಾರ್” ಅಂದಳು. ಅಭ್ಯಾಸಬಲದಿಂದ ರೋಲ್ ನಂಬರ್ ಎರಡನ್ನೂ ಕರೆದುಬಿಟ್ಟೆ.

“ಇರೋದು ಒಂದು ಹುಡುಗಿ. ಹಾಜರಿ ಯಾರಿಗೆ ರೀ?” ಅಡುಗೆಮನೆಯಿಂದ ಸರೋಜ.

“ಶಿಸ್ತಿಗೆ,” ಎಂದೆ.

ಕೇಂದ್ರದವರು ಕಳಿಸಿದ್ದ ಪ್ರಶ್ನೆ ಒಂದೇ: ‘ನಿಮ್ಮ ಪುಸ್ತಕದ ಒಂದು ಪದ್ಯ ನಿಮಗೆ ಏಕೆ ಇಷ್ಟವಾಯಿತು? ನಿಮ್ಮ ಮಾತಿನಲ್ಲಿ ಬರೆಯಿರಿ.’ ನನಗೆ ನಗು ಬಂತು. ಪುಸ್ತಕದಲ್ಲಿ ಮೋಡದ ಮೇಲೊಂದು ಪದ್ಯವಿತ್ತು. ನಾನು ಕೆಲಸಕ್ಕೆ ಸೇರಿದ ವರ್ಷವೇ ಪಾಠ ಮಾಡಿದ್ದ ಪದ್ಯ! ಅದಕ್ಕೆ ನನ್ನಲ್ಲಿ ನೋಟ್ಸ್ ಇತ್ತು.

ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆಯ ಜೊತೆಗೆ ನನ್ನ ಇಪ್ಪತ್ತೆಂಟನೆಯ ವಯಸ್ಸೇ ಎದ್ದು ಬಂತು. ಹೆಂಚಿನ ಮಾಡಿನ ಆ ಕೊಠಡಿ, ಒಂದು ಕಾಲು ಕುಂಟುವ ಮೇಜು, ಒದ್ದೆ ಬಟ್ಟೆಯಿಂದ ಒರೆಸಿದ ಕರಿಹಲಗೆ ಒಣಗುವಾಗ ಬರುತ್ತಿದ್ದ ತಣ್ಣನೆಯ ವಾಸನೆ. ಮಧ್ಯಾಹ್ನದ ಬುತ್ತಿ ಬಿಚ್ಚಿದರೆ ರೊಟ್ಟಿ, ಹುರುಳಿ ಚಟ್ನಿಯ ಘಾಟಿನಲ್ಲಿ ಎಂಥ ಮಹಾಕಾವ್ಯವೂ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಖಾಕಿ ಕಾಗದದ ಹೊದಿಕೆ ಹಾಕಿದ ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡೆ.

“ಸಾರ್, ನಿಮ್ಮ ಮಾತಿನಲ್ಲಿ ಬರೀರಿ ಅಂತ ಕೇಳವ್ರೆ,” ಎಂದಳು ರಂಜಿತಾ, ಮೆಲ್ಲಗೆ.

“ಅದಕ್ಕೇ ನನ್ನ ಮಾತು ತೆಗೆದಿದ್ದೀನಿ. ಬರ್ಕೋ!”

ಒಂದು ಪುಟ ಹೇಳಿ ಬರೆಸುವಷ್ಟರಲ್ಲಿ ಬೀದಿಯಲ್ಲಿ ಗ್ಯಾಸಿನ ಗಾಡಿ ಬಂತು. ಸರೋಜ ಕೂಗಿದಳು. ನೋಟ್‌ಬುಕ್ಕನ್ನು ರಂಜಿತಾಳ ಮುಂದಿಟ್ಟು, “ಉಳಿದದ್ದನ್ನು ನೋಡಿಕೊಂಡು ಬರಿ. ಒಂದಕ್ಷರ ಬಿಟ್ಟರೂ ನೋಡು ಮತ್ತೆ!” ಎಂದು ಗುಡುಗಿ ಹೊರಗೆ ಹೋದೆ.

ಅವಳು ಒಂದಕ್ಷರವನ್ನೂ ಬಿಡಲಿಲ್ಲ.

ವಾಪಸು ಬಂದಾಗ ಐದು ಪುಟ ಸಿದ್ಧವಾಗಿದ್ದವು. ಮುತ್ತಿನಂಥ ಅಕ್ಷರ. ಓದುವ ಅಗತ್ಯವೇ ಕಾಣಲಿಲ್ಲ, ನಾನೇ ಬರೆದದ್ದಲ್ಲವೇ! ಕೆಳಗೆ ‘ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಂದು ಬರೆದು, ಸಹಿ ಹಾಕಿ, ಅಂಚೆಗೆ ಹಾಕಿಸಿದೆ.

ಎರಡು ವಾರಕ್ಕೆ ಲಕೋಟೆ ಬಂತು. ಒಳಗೆ ಒಂದು ಚೀಟಿ ಮಾತ್ರ. ‘ಇದು ವಿದ್ಯಾರ್ಥಿನಿಯ ಸ್ವಂತ ಬರಹವಲ್ಲ. ಹತ್ತು ದಿನದೊಳಗೆ ಮತ್ತೆ ಬರೆದು ಕಳಿಸದಿದ್ದರೆ ಪರೀಕ್ಷೆಗೆ ಅವಕಾಶವಿಲ್ಲ.’

ಕರಿಯಪ್ಪನಿಗೆ ಸುದ್ದಿ ಮುಟ್ಟಲು ಹತ್ತು ನಿಮಿಷವೂ ಬೇಕಾಗಲಿಲ್ಲ. “ಅವಳ ಹಣೇಲಿ ಬರೆದಿಲ್ಲ ಬಿಡ್ರಿ ಮೇಷ್ಟ್ರೆ. ಸೋಮವಾರ ಮಂದೆ ಹೊರಡುತ್ತೆ. ಜೊತೆಗೆ ಹೊಂಟ್ಲಿ,” ಎಂದ. ರಂಜಿತಾ ಅಳಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ದಾರ ಕಟ್ಟತೊಡಗಿದಳು. ಅದನ್ನು ನೋಡಲಾಗಲಿಲ್ಲ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಳಲ್ಕೆರೆ ಮೇಲೆ ಹೋಗುವ ಬೆಳಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಖಂಡನಾ ಭಾಷಣ ತಯಾರಿಸಿದೆ. ಹೊಳಲ್ಕೆರೆ ದಾಟುವಾಗ ಭಾಷಣಕ್ಕೆ ಪೀಠಿಕೆ ಮುಗಿದಿತ್ತು.

ಕೇಂದ್ರದಲ್ಲಿ ಉತ್ತರ ತಿದ್ದುವ ಮೇಡಂ ನಡುವಯಸ್ಸಿನವರು. ಕಾಗದದಿಂದ ತಲೆ ಎತ್ತದೆಯೇ, “ಕುಂತ್ಕಳ್ರಿ,” ಎಂದರು.

“ಕೂರಲು ಬಂದಿಲ್ಲ,” ಎಂದೆ. “ಆ ಹುಡುಗಿಯ ಉತ್ತರದಲ್ಲಿ ಒಂದು ತಪ್ಪು ತೋರಿಸಿ, ನೋಡೋಣ!”

ಅವರು ಕಡತದಿಂದ ಆ ಐದು ಪುಟ ತೆಗೆದು ಗಟ್ಟಿಯಾಗಿ ಓದಿದರು. “‘ಕವಿಯು ಮೋಡವನ್ನು ಕಂಡು ಮೈಮರೆಯುತ್ತಾನೆ. ಇಲ್ಲಿ ಪಾಠ ನಿಲ್ಲಿಸಿ ಕಿಟಕಿಯಾಚೆ ನೋಡುವುದು.’”

ನಾನು ಕೂತೆ.

“‘ಕವಿಯ ಕಣ್ಣು ತುಂಬಿ ಬರುತ್ತದೆ. ಈಗ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುವುದು. ದನಿ ಸ್ವಲ್ಪ ನಡುಗಲಿ. ಹಿಂದಿನ ಬೆಂಚಿನವರು ನಕ್ಕರೆ ದುರುಗುಟ್ಟುವುದು.’”

ಭೂಮಿ ಬಾಯಿ ಬಿಡಲಿಲ್ಲ. ಚಿತ್ರದುರ್ಗದ್ದು ಕಲ್ಲುನೆಲ. ಹೊಸದಾಗಿ ಮೇಷ್ಟ್ರಾದಾಗ ಮಕ್ಕಳ ಮುಂದೆ ಕಾಲು ನಡುಗುತ್ತಿದ್ದ ನಾನು, ಯಾವಾಗ ಏನು ಮಾಡಬೇಕೆಂದು ನನಗಾಗಿಯೇ ಎರಡನೆಯ ಪುಟದಿಂದಾಚೆ ಕೆಂಪು ಶಾಯಿಯಲ್ಲಿ ಸಾಲುಗಳ ನಡುವೆ ಬರೆದುಕೊಂಡಿದ್ದ ಸೂಚನೆಗಳವು! ಬರೆದದ್ದೇ ಮರೆತುಹೋಗಿತ್ತು. ರಂಜಿತಾ ಕೆಂಪನ್ನೂ ನೀಲಿಯನ್ನೂ ಸಮಾನಭಾವದಿಂದ ಇಳಿಸಿಕೊಂಡಿದ್ದಳು. ಅದರ ಕೆಳಗೆ ನನ್ನ ಸಹಿ. ಕೂಲಂಕಷ!

ಮೇಡಂ ಆಗ ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. “ಅಯ್ಯೋ, ಮೇಷ್ಟ್ರೆ! ನೀವಾ? ನಾನು ಲಲಿತ. ಎರಡನೇ ಬೆಂಚು. ಅನುಮಾನ ಬಂದಿತ್ತು ನನಗೆ. ಆ ಮೈಮರೆಯೋ ವಾಕ್ಯ ಇವತ್ತಿಗೂ ಬಾಯಿಪಾಠ ಐತೆ.”

ನಾನು ಚಪ್ಪಲಿಯ ತುದಿಯನ್ನು ಪರಿಶೀಲಿಸುತ್ತಿದ್ದೆ.

“ನೀವು ಮಾತು ನಿಲ್ಲಿಸಿ ಕಿಟಕಿ ಕಡೆ ನೋಡ್ತಿದ್ರಿ. ಎಂಥದೋ ಕಾಣಿಸ್ತೈತೆ ಇವ್ರಿಗೆ ಅಂತ ನಾವೂ ನೋಡ್ತಿದ್ವಿ. ಆ ಕಿಟಕೀಲಿ ನಿಮಗೆ ಕಾಣಿಸಿದ್ದು ನನಗೂ ಕಾಣಿಸ್ಲಿ ಅಂತ್ಲೇ ಮೇಷ್ಟ್ರೆ, ಮುಂದೆ ಕನ್ನಡ ಎಂ.ಎ. ಮಾಡಿದ್ದು.” ಅವರ ದನಿ ನಿಜವಾಗಿ ನಡುಗಿತು. ಯಾವ ಸೂಚನೆಯೂ ಇಲ್ಲದೆ. ಆಮೇಲೆ ಕಡತ ಮುಚ್ಚಿದರು. “ಆದ್ರೂ ಇದನ್ನ ಒಪ್ಪಕ್ಕಾಗಲ್ಲ. ಆ ಹುಡುಗೀನೇ ಬರೀಲಿ.”

ಊರಿಗೆ ಬಂದವನೇ ಕರಿಯಪ್ಪನಿಂದ ಸೋಮವಾರದವರೆಗೆ ಗಡುವು ಬೇಡಿದೆ. ಕುರಿಗಳ ಪರವಾಗಿ ಅವನು ಒಪ್ಪಿದ. ರಂಜಿತಾಳನ್ನು ಕೂರಿಸಿ, ಈ ಸಲ ನೋಟ್‌ಬುಕ್ ಮುಟ್ಟದೆ, ಕೈ ಹಿಂದೆ ಕಟ್ಟಿ ನಿಂತೆ. “ಈಗ ನಿನ್ನ ಸ್ವಂತ ಮಾತು. ಬರ್ಕೋ: ‘ನನಗೆ ಈ ಪದ್ಯವು ಇಷ್ಟವಾಗಲು ಕಾರಣಗಳು ಮೂರು...’”

ಸರೋಜ ಸೌಟು ಹಿಡಿದೇ ಬಂದಳು. “ರೀ, ಆ ಹುಡುಗಿ ಸ್ವಂತ ಮಾತನ್ನೂ ನೀವೇ ಹೇಳ್ತೀರಾ? ಎದ್ದು ಆಚೆ ಹೋಗಿ ಕುಂತ್ಕಳ್ರಿ!”

ಹೋಗಿ ಜಗುಲಿಯ ಮೇಲೆ ಕೂತೆ. ಮೂವತ್ತೆರಡು ವರ್ಷ ನೂರಾರು ಮಕ್ಕಳನ್ನು ತರಗತಿಯಿಂದ ಆಚೆ ಕಳಿಸಿದವನು ಮೊದಲ ಸಲ ನಾನೇ ಆಚೆ ಕೂತೆ. ಬಿಸಿಲು ಚುರುಗುಟ್ಟುತ್ತಿತ್ತು. ಪಾಪ, ಆ ಮಕ್ಕಳು!

ಒಳಗಿನ ಮಾತು ಕೇಳಿಸುತ್ತಿತ್ತು. “ನೀನು ಮೋಡ ನೋಡಿದ್ಯೇನೆ?” ಎಂದು ಸರೋಜ ಕೇಳಿದಳು.

“ಎಲ್ಲಿ ನೋಡಾದಜ್ಜಿ! ಮೋಡ ಕಟ್ತು ಅಂದ್ರೆ ಮರಿ ಎತ್ಕಂಡು ಓಡಾದೇ ಆಗುತ್ತೆ.”

“ಹಂಗಂತ್ಲೇ ಬರಿ, ಮತ್ತೆ.”

ಅವಳು ಬರೆದದ್ದು ಅರ್ಧ ಪುಟ. ಈ ಸಲ ನಾನು ಓದಿದೆ. ‘ಮೋಡ ಬಂದಾಗ ನಾವು ಕುರಿಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡುತ್ತೇವೆ. ತಲೆ ಎತ್ತಿ ನೋಡಲು ನಮಗೆ ಪುರುಸೊತ್ತಿಲ್ಲ. ಕವಿಗೆ ಕುರಿ ಇರಲಿಲ್ಲ, ಅದಕ್ಕೆ ಅವರು ನಿಂತು ನೋಡಿದ್ದಾರೆ. ನಮ್ಮ ಪರವಾಗಿ ಒಬ್ಬರಾದರೂ ನೋಡಿದರಲ್ಲ ಅಂತ ನನಗೆ ಈ ಪದ್ಯ ಇಷ್ಟ.’

ತಿದ್ದಲು ತೆರೆದಿದ್ದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಕನ್ನಡಕ ತೆಗೆದು ಒರೆಸಿಕೊಂಡೆ. ಈ ಸಲ ಒದ್ದೆಯಾಗಿತ್ತು.

ಅಂಚೆ ನಂಬದೆ ಆ ಅರ್ಧ ಪುಟವನ್ನು ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟೆ. ಭಾನುವಾರ ಲಲಿತ ಫೋನು ಮಾಡಿ, ಇಪ್ಪತ್ತಕ್ಕೆ ಹದಿನೆಂಟು ಕೊಟ್ಟಿದ್ದೇನೆ, ಪರೀಕ್ಷೆಗೆ ಕೂರಬಹುದು ಎಂದರು. ಸೋಮವಾರ ಮಂದೆ ರಂಜಿತಾಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೊರಟಿತು. ಹೋಗುವಾಗ ಕರಿಯಪ್ಪ, “ಎಲ್ಲಾ ನಿಮ್ಮ ಪಾಠದ ಮಹಿಮೆ ಮೇಷ್ಟ್ರೆ,” ಎಂದು ಕೈ ಮುಗಿದ. ಸರೋಜ ಕೆಮ್ಮಿದಳು.

ಸಂಜೆ ರಂಜಿತಾ ಪುಸ್ತಕದ ಕಟ್ಟಿನ ದಾರ ಬಿಚ್ಚುತ್ತಾ ಕೇಳಿದಳು. “ಸಾರ್, ಆ ಕಿಟಕಿಯಾಚೆ ನಿಮಗೆ ಅಂಥದ್ದೇನು ಕಾಣಿಸ್ತಿತ್ತು?”

ನಾನು ಗಂಟಲು ಸರಿ ಮಾಡಿಕೊಂಡು, ದೂರದ ಆಕಾಶದ ಕಡೆ ದೃಷ್ಟಿ ನೆಟ್ಟೆ.

“ಸೈಕಲ್ ಕಣೇ,” ಎಂದಳು ಸರೋಜ. “ಹಿಂದಿನ ಬೆಂಚಿನ ಹುಡುಗರು ಮೆಲ್ಲಗೆ ಆಚೆ ಜಾರಿ ಚಕ್ರದ ಗಾಳಿ ಬಿಟ್ಟುಬಿಡ್ತಿದ್ರು. ಕಾಯ್ತಾ ಇದ್ರು ನಿಮ್ಮ ಮೇಷ್ಟ್ರು!”

ನಾನು ದೃಷ್ಟಿಯನ್ನು ಆಕಾಶದಿಂದ ಇಳಿಸಿದೆ. ನನ್ನ ಸೈಕಲ್ ನೋಡಿಕೊಂಡು ಒಬ್ಬಳು ಎಂ.ಎ. ಮಾಡಿದಳು. ಇದನ್ನು ಚಿತ್ರದುರ್ಗಕ್ಕೆ ತಿಳಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅಷ್ಟು ವರ್ಷ ಅಷ್ಟು ತನ್ಮಯನಾಗಿ ಕಾದರೂ, ವಾರದಲ್ಲಿ ಎರಡು ದಿನ ಆ ಸೈಕಲನ್ನು ತಳ್ಳಿಕೊಂಡೇ ಮನೆಗೆ ಬರುತ್ತಿದ್ದೆ.