ಎಂಟು ಕಿಂಡಿಯ ರೊಪ್ಪ

ನನಗೆ ದಿನಚರಿ ಬರೆಯುವ ಚಟವಿದೆ. ಹವ್ಯಾಸ ಎಂದರೆ ಅದಕ್ಕೆ ಇಲ್ಲದ ಗೌರವ ಕೊಟ್ಟಂತಾಗುತ್ತದೆ. ಹವ್ಯಾಸ ಇರುವವರು ಸೂರ್ಯಾಸ್ತ ನೋಡಿ ನಾಲ್ಕು ಸಾಲು ಬರೆಯುತ್ತಾರೆ. ನಾನು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಈ ತಿಂಗಳು ಎಷ್ಟು ದಿನ ಕಿಟಕಿ ಸೀಟು ಸಿಕ್ಕಿತು, ಎಷ್ಟು ದಿನ ಕಂಬ ಹಿಡಿದು ನಿಂತೆ, ಪಕ್ಕದಲ್ಲಿ ಕೂತವರು ಎಷ್ಟು ಸಲ "ಮದ್ವೆ ಆಗೈತಾ?" ಎಂದು ಕೇಳಿದರು ಎಂದು ಬರೆಯುತ್ತೇನೆ. ಕಳೆದ ತಿಂಗಳು ಆರು ಸಲ ಕೇಳಿದರು, ಅದರಲ್ಲಿ ಒಬ್ಬ ಅಜ್ಜಿಯೇ ಎರಡು ಸಲ. "ಇಷ್ಟು ಬರೆದಿದ್ರೆ ಯಾವುದಾದ್ರೂ ಪರೀಕ್ಷೆ ಪಾಸಾಗ್ತಿತ್ತು" ಎಂದು ಅಮ್ಮ ಹೇಳುತ್ತಾಳೆ. ಅದನ್ನೂ ಬರೆದಿದ್ದೇನೆ. ಎಣಿಸಿಟ್ಟರೆ ದಣಿವಿಗೂ ಒಂದು ಅಳತೆ ಸಿಗುತ್ತದೆ, ಇಷ್ಟೇ ತಾನೆ ಎಂದು ಮಲಗಬಹುದು. ಆ ಒಂದು ವಾರ ಮಾತ್ರ ಎಣಿಸಿ ಎಣಿಸಿಯೇ ದಣಿದೆ.

ಹೊಸದುರ್ಗದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ನಾನು ಸಹಾಯಕಿ. ನನ್ನ ಆರು ತಿಂಗಳ ಪ್ರೊಬೇಷನ್ ಆ ಶನಿವಾರಕ್ಕೆ ಮುಗಿಯುವುದಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿ ರುದ್ರಪ್ಪನವರು ಶನಿವಾರ ಬಂದು ನನ್ನನ್ನು ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಿತ್ತು. ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಬಾಗಿಲು ತೆರೆದು ಹಾಕಿದರೆ ಕಚೇರಿಯ ಐದೂ ಕಂಪ್ಯೂಟರುಗಳಲ್ಲಿ ನೆಟ್ ಇರಲಿಲ್ಲ. ಹತ್ತೂವರೆಗೆ ರುದ್ರಪ್ಪನವರ ಫೋನ್ ಬಂತು.

"ಕಂಪ್ಯೂಟರ್ ಎಲ್ಲಾ ಗೊತ್ತೈತೆ ಅಂತ ಅರ್ಜೀಲಿ ಬರ್ದಿದ್ದೆ ಅಲ್ಲೇನಮ್ಮ? ಶನಿವಾರದೊಳಗೆ ಸರಿ ಮಾಡ್ಸು. ನೆಟ್ ಬಂದ್ರೆ ಸಹಿ. ಇನ್ನೊಂದು, ಯಾರಾದ್ರೂ ಕೈ ಹಾಕಿ ಕೆಡಿಸಿದ್ರೆ ಅವರ ಹೆಸರು ಬೇಕು ನಂಗೆ. ಮನೆಗೆ ಕಳಿಸಾಣ."

ನಮ್ಮ ವ್ಯವಸ್ಥೆ ದೊಡ್ಡದೇನಲ್ಲ. ಪ್ರಾಂಶುಪಾಲರ ಕೋಣೆಯ ಕಿಟಕಿಯಲ್ಲಿ ಮೋಡೆಮ್ ಇದೆ. ಅಲ್ಲಿಂದ ಒಂದು ಕೇಬಲ್ ಗೋಡೆ ತೂರಿಕೊಂಡು ನಮ್ಮ ಕೋಣೆಗೆ ಬಂದು, ಕಬ್ಬಿಣದ ಬೀರುವಿನ ಮೇಲಿರುವ ಹಬ್ ಎಂಬ ಪುಟ್ಟ ಡಬ್ಬಿಗೆ ಸೇರುತ್ತದೆ. ಹಬ್ಬಿಗೆ ಎಂಟು ಕಿಂಡಿ. ಒಂದರಲ್ಲಿ ಮೋಡೆಮ್ಮಿನಿಂದ ಬಂದ ಕೇಬಲ್, ಐದರಲ್ಲಿ ಐದು ಕಂಪ್ಯೂಟರುಗಳ ಕೇಬಲ್. ಇದರ ನಕ್ಷೆಯನ್ನು ನಾನು ಕೆಲಸಕ್ಕೆ ಸೇರಿದ ವಾರವೇ ಬಿಡಿಸಿ, ಅಂಕಿ ಹಾಕಿ ಗೋಡೆಗೆ ಅಂಟಿಸಿದ್ದೆ. ಈಗ ಅದರಲ್ಲಿ ಒಂದರಿಂದ ಆರರವರೆಗೆ ಗೆರೆಗಳಿವೆ. ಹಿರಿಯ ಗುಮಾಸ್ತರಾದ ಓಂಕಾರಪ್ಪನವರಿಗೆ ಹಬ್ ಎನ್ನುವುದು ಬಾಯಿಗೆ ಬರುವುದಿಲ್ಲ, ಹಬ್ಬ ಎನ್ನುತ್ತಾರೆ. "ಏನವ್ವ, ಹಬ್ಬ ಮಲಗಿಬಿಡ್ತಾ? ಯಾವ ಹಬ್ಬಾನೋ ಕಾಣೆ, ಒಂದು ಒಬ್ಬಟ್ಟಿಲ್ಲ" ಎಂದು ಅವರು ತಮ್ಮ ಮೊಬೈಲಿನಿಂದ ಒಂದು ಕಂಪ್ಯೂಟರಿಗೆ ನೆಟ್ ಕೊಟ್ಟು ತುರ್ತು ಕೆಲಸ ಶುರು ಮಾಡಿದರು. ಆ ಉಪಕಾರವನ್ನು ಗಂಟೆಗೊಮ್ಮೆ ನನಗೆ ನೆನಪಿಸಿದರು.

ಬೀರು ಎತ್ತರ, ನಾನು ಗಿಡ್ಡ. ಹಬ್ ಮುಟ್ಟಬೇಕಾದರೆ ಸ್ಟೂಲ್ ಹತ್ತಬೇಕು. ಅದರ ಒಂದು ಕಾಲು ಕುಂಟಾದ್ದರಿಂದ ಅಟೆಂಡರ್ ಕರಿಯಮ್ಮ ಕೆಳಗೆ ಕೂತು ಹಿಡಿಯಬೇಕು. ಕರಿಯಮ್ಮ ಶ್ರೀರಾಂಪುರದ ಆಚೆಯ ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಕಸ ಗುಡಿಸುವುದು, ಗಂಟೆ ಹೊಡೆಯುವುದು, ಚಹಾ ತರುವುದು ಅವಳ ಕೆಲಸ. ಅವಳ ಕೆಲಸವೂ ಖಾಯಂ ಅಲ್ಲ. ಸೋಮವಾರ ಒಂಬತ್ತು ಸಲ ಹತ್ತಿದೆ. ಸ್ವಿಚ್ ಆರಿಸಿ ಹಾಕಿದರೆ ನೆಟ್ ಬರುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಹೋಗುತ್ತಿತ್ತು. ಒಮ್ಮೆ ಹನ್ನೊಂದರವರೆಗೆ ಇತ್ತು, ಆ ಸಂತೋಷದಲ್ಲಿ ಸ್ಟೂಲಿನಿಂದ ಬೀಳುವುದಿತ್ತು.

ಮಂಗಳವಾರ ಚಿತ್ರದುರ್ಗದ ರಿಪೇರಿಯವನಿಗೆ ಫೋನ್ ಮಾಡಿದೆ.

"ಹಬ್ಬಿನ ದೀಪ ಹತ್ತೈತಾ ಮೇಡಂ?"

"ಹತ್ತೈತೆ."

"ಮಿಣುಕ್ತವಾ?"

"ಎಲ್ಲಾ ಒಟ್ಟಿಗೇ ಜೋರಾಗಿ ಮಿಣುಕ್ತವೆ."

"ಹಂಗಾದ್ರೆ ಚೆನ್ನಾಗೈತೆ."

"ನೆಟ್ ಬರ್ತಿಲ್ಲ."

"ಹಂಗಾದ್ರೆ ಚೆನ್ನಾಗಿಲ್ಲ" ಎಂದು ಅವನು ಸ್ವಲ್ಪ ಯೋಚಿಸಿ, ತಾನು ಹಿರಿಯೂರಿನಲ್ಲಿ ಕೆಲಸ ಹಿಡಿದಿರುವುದಾಗಿಯೂ ಮುಂದಿನ ವಾರ ಬರುವುದಾಗಿಯೂ ಹೇಳಿದ. ಮುಂದಿನ ವಾರ ಬಂದು ಅವನು ನನ್ನ ಪ್ರೊಬೇಷನ್ನಿಗೆ ಏನು ಮಾಡಲು ಸಾಧ್ಯ?

ಬುಧವಾರ ಪ್ರಾಂಶುಪಾಲರ ಲ್ಯಾಪ್‌ಟಾಪನ್ನು ಎರವಲು ತಂದು ನೇರವಾಗಿ ಮೋಡೆಮ್ಮಿಗೆ ಸಿಕ್ಕಿಸಿದೆ. ನೆಟ್ ಬಂತು. ಮೋಡೆಮ್ ನಿರಪರಾಧಿ ಎಂದು ಬರೆದೆ. ಗೋಡೆಯೊಳಗಿಂದ ಬಂದ ಕೇಬಲ್ಲಿನ ಈಚೆ ತುದಿಗೆ ಸಿಕ್ಕಿಸಿದೆ. ಬಂತು. ಕೇಬಲ್ಲೂ ನಿರಪರಾಧಿ. ಗುರುವಾರ ಹಬ್ಬಿನಿಂದ ಒಂದನೆಯ ಕೇಬಲ್ ಕಿತ್ತು ನೋಡಿ ಮತ್ತೆ ಹಾಕಿದೆ, ಎರಡನೆಯದು ಕಿತ್ತು ನೋಡಿ ಹಾಕಿದೆ, ಹೀಗೆ ಆರೂ. ಯಾವುದರಲ್ಲೂ ದೋಷವಿಲ್ಲ. ನಕ್ಷೆಯಲ್ಲಿ ಆರಕ್ಕೂ ಸರಿ ಗುರುತು ಬಿತ್ತು, ನೆಟ್ ಮಾತ್ರ ಬರಲಿಲ್ಲ. "ಎಲ್ಲಾರೂ ಪಾಸು, ರಿಸಲ್ಟ್ ಮಾತ್ರ ಸೊನ್ನೆ" ಎಂದರು ಓಂಕಾರಪ್ಪ. "ನಮ್ಮ ಕಾಲೇಜಲ್ಲಿ ಇದೊಂದು ಕಂಡಿರಲಿಲ್ಲ." ಅಂದು ಸಂಜೆಯ ಮೊತ್ತ: ಸ್ಟೂಲ್ ಹತ್ತಿದ್ದು ಮೂವತ್ತೆಂಟು ಸಲ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು, ನಿದ್ದೆ ಹತ್ತಿ ನನ್ನ ನಿಲ್ದಾಣ ದಾಟಿಹೋಯಿತು.

ಶುಕ್ರವಾರ ಮಧ್ಯಾಹ್ನ ನಲವತ್ತೊಂದನೆಯ ಸಲ ಹತ್ತಿ ಇಳಿದು ಸ್ಟೂಲಿನ ಮೇಲೇ ಕೂತೆ. ಕರಿಯಮ್ಮ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಮಿಸ್ಸು, ರೊಪ್ಪದ ಬಾಯಿ ನಾನೇ ಕಟ್ಟೀನಲ್ರಿ. ಆದ್ರೂ ತಪ್ಪಿಸ್ಕಂಡು ಹೋಗ್ತದಾ?"

ರೊಪ್ಪ ಎಂದರೆ ಸುತ್ತ ಬಲೆ ಕಟ್ಟಿ ಕುರಿ ಕೂಡುವ ದೊಡ್ಡಿ. ಕಾಲೇಜು ಕಚೇರಿಯಲ್ಲಿ ಅದೆಲ್ಲಿಂದ ಬಂತು ಎಂದು ನಾನು ಕಣ್ಣು ಬಿಟ್ಟೆ.

"ಯಾವ ರೊಪ್ಪ ಕರಿಯಮ್ಮ?"

"ಇದೇ, ಮ್ಯಾಲಿಂದು. ಹೋದ ಶನಿವಾರ ನೀವೆಲ್ಲಾ ಮನೆಗೆ ಹೋದ್ಮ್ಯಾಲೆ ಧೂಳು ಹೊಡೆಯಾಕೆ ಹತ್ತಿದ್ದೆ. ಒಂದು ತುದಿ ಜೋತಾಡ್ತಿತ್ತು. ಬಲೆ ಅಂದ್ಮೇಲೆ ಸುತ್ತಿ ಬಂದು ಕೂಡ್ಕಬೇಕು ಅಲ್ರಾ? ತುದಿ ಬಿಟ್ರೆ ಎಲ್ಲಾ ಹೊರಗೆ ಹೋಗ್ತವೆ. ಪಕ್ಕದಾಗೇ ಒಂದು ಕಿಂಡಿ ಖಾಲಿ ಇತ್ತು. ಟಕ್ ಅಂತು, ಕೂತ್ಕಂತು."

"ಇದು ಬಲೆ ಅಂತ ನಿನಗೆ ಯಾರು ಹೇಳಿದ್ದು?"

"ನೀವೇ ಹೇಳಿದ್ರಲ್ರಿ" ಎಂದಳು ಕರಿಯಮ್ಮ.

ದಿನಚರಿ ತಿರುವಿದೆ. ಎರಡು ತಿಂಗಳ ಹಿಂದಿನ ಪುಟದಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿತ್ತು: "ಕರಿಯಮ್ಮನಿಗೆ ನೆಟ್‌ವರ್ಕ್ ಎಂದರೇನೆಂದು ತಿಳಿಸಿದೆ. ಕುರಿ ಕೂಡುವ ಬಲೆಯ ಉದಾಹರಣೆ ಕೊಟ್ಟೆ. ಬಹಳ ಚೆನ್ನಾಗಿ ಅರ್ಥವಾಯಿತು."

ಸ್ಟೂಲ್ ಹತ್ತಿ ನೋಡಿದೆ. ಏಳನೆಯ ಕಿಂಡಿಯಿಂದ ಹೊರಟ ಕೇಬಲ್ ಬೀರುವಿನ ಹಿಂದೆ ಇಳಿದು, ಮತ್ತೆ ಹತ್ತಿ, ಎಂಟನೆಯ ಕಿಂಡಿಗೆ ಸೇರಿತ್ತು. ಮೊದಲು ನಮ್ಮಲ್ಲಿ ಆರನೆಯದೊಂದು ಕಂಪ್ಯೂಟರ್ ಇತ್ತು. ಅದನ್ನು ಲ್ಯಾಬಿಗೆ ಒಯ್ದ ದಿನ ನಕ್ಷೆಯಿಂದ ಏಳನೆಯ ಗೆರೆಯನ್ನು ನೀಟಾಗಿ ಅಳಿಸಿದ್ದೆ, ಹಬ್ಬಿನಿಂದ ಅದರ ಕೇಬಲ್ ಕೀಳಲಿಲ್ಲ. ನಕ್ಷೆಯಲ್ಲಿಲ್ಲದ ಕೇಬಲ್ಲನ್ನು ಐದು ದಿನ ಕಣ್ಣೆದುರೇ ಇದ್ದರೂ ನಾನು ನೋಡಿರಲಿಲ್ಲ. ಹಬ್ಬಿನ ಸ್ವಭಾವವೇನೆಂದರೆ, ಒಂದು ಕಿಂಡಿಯಿಂದ ಬಂದ ಸುದ್ದಿಯನ್ನು ಉಳಿದೆಲ್ಲ ಕಿಂಡಿಗಳಿಗೂ ಸಾರುವುದು. ಏಳರಿಂದ ಹೊರಟದ್ದು ಎಂಟಕ್ಕೆ ಬಂದು, ಅದು ಮತ್ತೆ ಏಳಕ್ಕೆ ಹೋಗಿ, ಒಂದೇ ಸುದ್ದಿ ಸಾವಿರವಾಗಿ ಸುತ್ತುತ್ತಿತ್ತು. ಇನ್ನಾವುದಕ್ಕೂ ನುಗ್ಗಲು ಜಾಗವಿರಲಿಲ್ಲ. ಕರಿಯಮ್ಮ ಕಟ್ಟಿದ ರೊಪ್ಪದಿಂದ ನಿಜಕ್ಕೂ ಒಂದು ಮರಿಯೂ ಆಚೆ ಹೋಗಿರಲಿಲ್ಲ. ಕೇಬಲ್ ಕಿತ್ತೆ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ, ನೂರಕ್ಕೆ ಬಿಟ್ಟೆ. ಬಂದ ನೆಟ್ ಹಾಗೇ ಉಳಿಯಿತು, ಹೋಗಲಿಲ್ಲ.

ಸಂತೋಷ ಬರುವ ಮೊದಲೇ ರುದ್ರಪ್ಪನವರ ಇನ್ನೊಂದು ಮಾತು ನೆನಪಾಯಿತು. ಕೈ ಹಾಕಿದವರ ಹೆಸರು ಬೇಕು, ಮನೆಗೆ ಕಳಿಸಾಣ. ಕರಿಯಮ್ಮನಿಗೂ ಅದು ಗೊತ್ತಿತ್ತು, ಸೋಮವಾರ ನಾನೇ ಎಲ್ಲರೆದುರು ಹೇಳಿದ್ದೆ.

"ಇಲಿ ಅಂತ ಬರಿಯವ್ವ" ಎಂದರು ಓಂಕಾರಪ್ಪ, ತಲೆಯೆತ್ತದೆ. "ಇಲಿ ಬಂದು ಇಲ್ಲ ಅನ್ನಲ್ಲ."

"ಇಲಿ ಕೇಬಲ್ ಕಡೀತದೆ ಸರ್, ಸಿಕ್ಕಿಸಲ್ಲ."

"ಹಂಗಾರೆ ಓದಿದ ಇಲಿ ಅನ್ನು."

ಕರಿಯಮ್ಮ ಸೆರಗಿನಿಂದ ಸ್ಟೂಲ್ ಒರೆಸುತ್ತ ಹೇಳಿದಳು: "ನನ್ ಹೆಸರೇ ಬರೀರಿ ಮಿಸ್ಸು. ದಿನಾ ಹತ್ತಿ ಇಳಿದು ನಿಮ್ ಕಾಲು ಸೋತು ಹೋದ್ವು. ನಿಮ್ ಸಹಿ ಯಾಕೆ ತಪ್ಪಬೇಕು?"

ಸುಳ್ಳು ಬರೆದು ಅಭ್ಯಾಸವಿಲ್ಲ. ಬಸ್ಸಿನ ಕಿಟಕಿ ಸೀಟಿನ ವಿಷಯದಲ್ಲೂ ಬರೆದವಳಲ್ಲ. ಆದರೆ ನಿಜ ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು ಬರೆಯುವವಳು ನಿರ್ಧರಿಸಬಹುದು. ಶನಿವಾರ ರುದ್ರಪ್ಪನವರ ಮುಂದೆ ಇಟ್ಟ ವರದಿಯಲ್ಲಿ ಕಾರಣ ಎಂಬಲ್ಲಿ ಹೀಗೆ ಬರೆದೆ: "ಒಂದು, ಬೇಡವಾದ ಕೇಬಲ್ಲನ್ನು ಕೀಳದೆ ಬಿಟ್ಟದ್ದು. ಎರಡು, ನೆಟ್‌ವರ್ಕ್ ಎಂದರೆ ಕುರಿ ಬಲೆ ಎಂದು ಅಟೆಂಡರಿಗೆ ಹೇಳಿಕೊಟ್ಟದ್ದು. ಎರಡನ್ನೂ ಮಾಡಿದವಳು ನಾನು."

ಅವರು ಎರಡು ಸಲ ಓದಿದರು. ನಡೆದದ್ದನ್ನು ಬಾಯಲ್ಲಿ ಹೇಳಿಸಿದರು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಕರಿಯಮ್ಮನನ್ನು ನೋಡಿದರು.

"ಬಲೆ ಅಂದ್ರೆ ತುದಿ ಯಾರಾದ್ರೂ ಕಟ್ತಾರೆ ಕಣಮ್ಮ" ಎಂದರು ನನಗೆ. "ನಾನಾದ್ರೂ ಕಟ್ತಿದ್ದೆ. ಆಯಮ್ಮಂದು ಏನು ತಪ್ಪೈತೆ? ಚಹಾ ಇಡವ್ವ, ಆರ್ತದೆ."

ಆಮೇಲೆ ನನ್ನ ಕಾಗದ ಎತ್ತಿಕೊಂಡು, ಪೆನ್ನು ತೆಗೆದು, ಸಹಿ ಹಾಕುವ ಜಾಗದಲ್ಲಿ 'ಇನ್ನೂ ಮೂರು ತಿಂಗಳು' ಎಂದು ಬರೆದರು.

"ನೆಟ್ ಬಂತು, ಒಪ್ತೀನಿ. ಆದ್ರೆ ಎಂಟು ಕಿಂಡಿ ಎಣಿಸಾಕೆ ಐದು ದಿನ ತಗಂಡೆ. ನೋಡಾಣ. ಅಲ್ಲೀವರೆಗೆ ಒಂದು ಕೆಲಸ ಮಾಡು. ಯಾರಿಗೂ ಏನೂ ಅರ್ಥ ಮಾಡಿಸಬ್ಯಾಡ."

ಸೋಮವಾರ ಬೆಳಗ್ಗೆ ಕರಿಯಮ್ಮ ಕಸ ಗುಡಿಸುತ್ತ ನನ್ನ ಮೇಜಿನ ಬಳಿ ನಿಂತಳು.

"ಮಿಸ್ಸು, ಓಂಕಾರಪ್ನೋರು ಫೈಲೆಲ್ಲಾ ಕ್ಲೌಡಿಗೆ ಹಾಕೀನಿ ಅಂತಾರೆ. ಕ್ಲೌಡ್ ಅಂದ್ರೆ ಏನ್ರಿ?"

ಬಾಯಿ ತೆರೆದೆ. ಮುಚ್ಚಿಕೊಂಡೆ. "ಅವರನ್ನೇ ಕೇಳು" ಎಂದೆ.

"ಮೋಡ ಕಣಮ್ಮ" ಎಂದರು ಓಂಕಾರಪ್ಪ.

ಕರಿಯಮ್ಮ ಪೊರಕೆ ಹಿಡಿದು ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದಳು. "ಹಂಗಾದ್ರೆ ನಮ್ಮೂರು ಬಿಟ್ಟು ಹೋಗಿ ಹರಿಯಬ್ಬೆ ಊರ ಕಡೆ ಬೀಳ್ತದೆ ಬಿಡ್ರಿ" ಎಂದಳು. "ನಮ್ ಮೋಡ ಯಾವತ್ತು ನಮ್ ಕಡೆ ನಿಂತೈತೆ?"

ಈ ವಿವರಣೆ ನನ್ನದಲ್ಲ ಎಂದು ಸಮಯ ಸಹಿತ ಬರೆದಿಟ್ಟೆ. ಬೆಳಗ್ಗೆಯಿಂದ ಬಾಯಿ ತೆರೆದು ಮುಚ್ಚಿಕೊಂಡದ್ದು ಅದು ಮೂರನೆಯ ಸಲ. ದಿನಕ್ಕೆ ಇಷ್ಟಾದರೆ ಮೂರು ತಿಂಗಳಿಗೆ ಎಷ್ಟು ಎಂದು ಗುಣಿಸಲು ಹೊರಟು, ದವಡೆ ನೋಯತೊಡಗಿದ್ದರಿಂದ ನಿಲ್ಲಿಸಿದೆ.