ತೊಟ್ಟಿಲ ಸರಪಳಿಯ ವಿದೇಶಯಾತ್ರೆ

ಆರಂಭದಲ್ಲಿಯೇ ಕೈಮುಗಿಯುತ್ತೇನೆ. ಮಸ್ಕಿಯ ಬೆಟ್ಟದ ಮೇಲೆ ಕುಳಿತು ನಮ್ಮ ಮನೆಯ ಪಡಸಾಲೆಯವರೆಗೂ ದೃಷ್ಟಿ ಹರಿಸಿರುವ ಮಲ್ಲಯ್ಯನಿಗೆ. ಮಠದ ಪಾಠಶಾಲೆಯಲ್ಲಿ ನನಗೆ ಅಕ್ಷರವನ್ನೂ ಅನ್ನವನ್ನೂ ಒಂದೇ ಕೈಯಿಂದ ಬಡಿಸಿದ ಗುರುಗಳಿಗೆ. ಇಷ್ಟು ವಯಸ್ಸಾದರೂ ಕಣ್ಣು ಕಿವಿಗಳನ್ನು ನನ್ನ ಬಳಿಯಲ್ಲಿಯೇ ಬಿಟ್ಟಿರುವ ಕಾಲಪುರುಷನಿಗೆ. ಕೊನೆಗೆ, ಇಂಥ ಉಪಕಾರಗಳನ್ನೆಲ್ಲ ಪಡೆದವನೊಬ್ಬ ತನ್ನ ಬುದ್ಧಿವಂತಿಕೆಯಿಂದ ಮೊಮ್ಮಗಳ ಸಂಸಾರವನ್ನು ಪರದೇಶದ ವಿಮಾನ ನಿಲ್ದಾಣವೊಂದರಲ್ಲಿ ತೂಗುಹಾಕಿದಾಗ, ಅದು ಕೆಳಗೆ ಬೀಳದಂತೆ ಹಿಡಿದ ಎಲ್ಲರಿಗೂ ನನ್ನ ಕೃತಜ್ಞತೆ ಸಲ್ಲಲಿ.

ವೀಸಾ ಎಂಬುದು ಆಧುನಿಕರ ಆವಿಷ್ಕಾರವೆಂದು ನಾನು ಬಹುಕಾಲ ನಂಬಿದ್ದೆ. ನನ್ನ ಮೊಮ್ಮಗಳು ಗಿರಿಜೆ ಅದರ ಅರ್ಜಿಯನ್ನು ಎದುರಿಗಿಟ್ಟು ಓದಿದಾಗ ಅದು ನಮ್ಮ ಹಳೆಯ ಪರಿಚಯವೇ ಎಂಬುದು ತಿಳಿಯಿತು. ನೀನು ಯಾರು, ಯಾರ ಮಗಳು, ಯಾವ ಊರಿನವಳು, ಎಲ್ಲಿಗೆ ಹೊರಟಿರುವೆ, ಯಾವ ಫಲವನ್ನು ಬಯಸಿ, ಎಷ್ಟು ಕಾಲಕ್ಕೆ? ಪೂಜೆಗೆ ಕುಳಿತವನು ಕೈಯಲ್ಲಿ ನೀರು ಹಿಡಿದು ಹೇಳುವ ಸಂಕಲ್ಪದಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ? ವ್ಯತ್ಯಾಸವಿಷ್ಟೆ. ದೇವರು ನಮ್ಮ ಸಂಕಲ್ಪವನ್ನು ಕೇಳಿ ಸುಮ್ಮನಿರುತ್ತಾನೆ. ವೀಸಾ ಅಧಿಕಾರಿ ಅದಕ್ಕೆ ಪುರಾವೆ ಕೇಳುತ್ತಾನೆ.

ಗಿರಿಜೆ ವಳಕಮದಿನ್ನಿಯಲ್ಲಿರುವ ನನ್ನ ಮಗಳ ಮಗಳು. ಲಿಂಗಸುಗೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಬಸ್ಸಿನ ಅನುಕೂಲಕ್ಕೆಂದು ಮಸ್ಕಿಯ ನಮ್ಮ ಮನೆಗೆ ಬಂದವಳು ಇಲ್ಲಿಯವಳೇ ಆಗಿಬಿಟ್ಟಿದ್ದಾಳೆ. ಆಕೆಯ ಗಂಡ ವೀರೇಶ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಯಂತ್ರ ರಿಪೇರಿ ಮಾಡುತ್ತ ಬೆಳೆದು, ಆ ವಿದ್ಯೆಯಿಂದಲೇ ಕೆನಡಾ ದೇಶದ ಬೇಳೆ ಮಿಲ್ಲೊಂದನ್ನು ಸೇರಿ, ಅಲ್ಲಿ ಕಾಯಮ್ಮಾಗಿ ನೆಲೆಸುವ ಹಕ್ಕನ್ನೂ ಪಡೆದವನು. ಅವನ ಮಿಲ್ಲಿನ ಮಸೂರ ಬೇಳೆ ಸಮುದ್ರ ದಾಟಿ ಬಂದು ಸಿಂಧನೂರಿನ ಅಂಗಡಿಯ ಚೀಲದಲ್ಲಿ ಆರಾಮವಾಗಿ ಕುಳಿತಿದೆ. ಅದನ್ನು ಯಾರೂ ನೀನೇಕೆ ಬಂದೆ, ಯಾವಾಗ ಹಿಂದಿರುಗುವೆ ಎಂದು ಕೇಳಿದ್ದಿಲ್ಲ. ಅವನ ಹೆಂಡತಿ ಇಲ್ಲಿಂದ ಅಲ್ಲಿಗೆ ಹೋಗುವುದು ಮಾತ್ರ ಬೇಳೆಯಷ್ಟು ಸುಲಭವಲ್ಲ. ಮದುವೆಯಾಗಿ ಎರಡು ದೀಪಾವಳಿಗಳು ಕಳೆದಿದ್ದವು. ಒಟ್ಟಿಗೆ ಇದ್ದದ್ದು ಅವನ ಮದುವೆಯ ರಜೆಯಲ್ಲಿ ಮಾತ್ರ. ಆಮೇಲಿನ ದಾಂಪತ್ಯವೆಲ್ಲ ಫೋನಿನಲ್ಲಿ, ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಬರುವವರೆಗೆ. ಬಸ್ಸು ತಡವಾದ ದಿನ ಆಕೆಯ ಮುಖ ಅರಳಿರುತ್ತಿತ್ತು. ಬಸ್ಸು ತಡವಾದುದಕ್ಕೆ ಸಂತೋಷಪಟ್ಟ ಪ್ರಯಾಣಿಕಳನ್ನು ನಾನು ನನ್ನ ಆಯುಷ್ಯದಲ್ಲಿ ಬೇರೆ ಕಂಡಿಲ್ಲ.

ದಾರಿಗಳಿಲ್ಲವೆಂದಲ್ಲ. ಗಂಡನು ಹೆಂಡತಿಯನ್ನು ಕಾಯಮ್ಮಾಗಿ ಕರೆಸಿಕೊಳ್ಳುವ ದೊಡ್ಡ ಅರ್ಜಿಯೊಂದು. ಅದನ್ನು ಹಾಕಿಯಾಗಿತ್ತು, ಅದು ಯಾವುದೋ ಕಚೇರಿಯಲ್ಲಿ ಸಮಾಧಿಸ್ಥಿತಿಯಲ್ಲಿತ್ತು. ಓದುವ ನೆಪದಲ್ಲಿ ಹೋಗುವುದೊಂದು ದಾರಿ. “ಗಂಡನ್ನ ನೋಡಾಕ ಹೋಗೂದಕ್ಕ ಓದಾಕ ಹೊಂಟೀನಿ ಅಂತ ಸುಳ್ಳು ಹೇಳಂಗಿಲ್ಲ” ಎಂದು ಗಿರಿಜೆಯೇ ಅದನ್ನು ತಳ್ಳಿಹಾಕಿದಳು. ವೀರೇಶನೇ ಇಲ್ಲಿಗೆ ಬರಲೆಂದರೆ ರಜೆಯಿಲ್ಲ. ಉಳಿದದ್ದು ಚಿಕ್ಕ ಅರ್ಜಿ: ಕೆಲವು ವಾರಗಳ ಮಟ್ಟಿಗೆ ಹೋಗಿ, ನೋಡಿ, ಹಿಂದಿರುಗಿ ಬಂದು, ದೊಡ್ಡ ಅರ್ಜಿಯ ಫಲಕ್ಕಾಗಿ ಇಲ್ಲಿಯೇ ಕಾಯುವುದು.

ಈ ಅರ್ಜಿಗೆ ಬೇಕಾದ ಪುರಾವೆಗಳಲ್ಲಿ ಮದುವೆಯ ಚಿತ್ರಗಳೂ ಸೇರಿದ್ದವು. ನಿಜವಾದ ಗಂಡಹೆಂಡಿರೇ ಎಂದು ಅವರು ಪರೀಕ್ಷಿಸುತ್ತಾರಂತೆ. ಆಲ್ಬಮ್ಮು ತೆರೆದೆವು. ಅಕ್ಷತೆಯ ಹೊತ್ತಿಗೆ ದಂಪತಿಗಳ ನಡುವೆ ನಾನು ನಿಂತಿದ್ದೇನೆ. ಆರತಿಯ ಹೊತ್ತಿಗೆ ನಾನು ನಡುವೆ. ಊಟದ ಪಂಕ್ತಿಯಲ್ಲಿಯೂ ಅವರಿಬ್ಬರ ನಡುವೆ ನನ್ನ ರುಮಾಲು. ಹಿರಿಯನಾದವನು ಮಧ್ಯದಲ್ಲಿರಬೇಕೆಂಬುದು ನನ್ನ ಸಂಸ್ಕಾರ. ನನ್ನ ಧರ್ಮಪತ್ನಿ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ನೋಡಿ, “ಇದನ್ನ ಕಳಿಸಿದ್ರ ವೀರೇಶ ನಿಮ್ಮನ್ನ ಮದುವಿ ಆಗ್ಯಾನ ಅಂತ ತಿಳ್ಕೊಂತಾರ. ವೀಸಾ ನಿಮಗ ಬರ್ತೈತಿ ನೋಡ್ರಿ” ಎಂದಳು. ಕೊನೆಗೆ ದೊರೆತದ್ದು, ಕರೆಂಟು ಹೋದಾಗ ಇಬ್ಬರೂ ಒಂದೇ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಚಿತ್ರವೊಂದು. ಆ ಹೊತ್ತಿಗೆ ನಾನು ಲೈನ್‌ಮನ್ನನನ್ನು ಬೈಯಲು ಹೊರಗೆ ಹೋಗಿದ್ದೆನಂತೆ.

ಚಿಕ್ಕ ವೀಸಾ ಬಂದಿತು. ಆದರೆ ಗಿರಿಜೆಯ ಆತಂಕ ಇಳಿಯಲಿಲ್ಲ. ವೀಸಾ ಇದ್ದರೂ ಅಲ್ಲಿ ಇಳಿದ ಮೇಲೆ ಗಡಿಯ ಅಧಿಕಾರಿ ಮತ್ತೊಮ್ಮೆ ವಿಚಾರಿಸಬಹುದು; ಈಕೆ ಮರಳುವವಳಲ್ಲ ಎಂಬ ಸಂಶಯ ಹುಟ್ಟಿದರೆ ಅಲ್ಲಿಂದಲೇ ಹಿಂದಕ್ಕೆ ಕಳುಹಿಸಬಹುದು; ಹಾಗಾದರೆ ಆ ಕಲೆ ದೊಡ್ಡ ಅರ್ಜಿಗೂ ಅಂಟಬಹುದು. ನನಗೆ ಮಾತ್ರ ಬೇರೊಂದು ಸಂಕಟ. “ಕಾಯಂ ಇರ್ತೀನಿ ಅಂತ ಒಂದು ಅರ್ಜಿ, ತಿರುಗಿ ಬರ್ತೀನಿ ಅಂತ ಇನ್ನೊಂದು. ಒಂದು ಕರ್ಮಕ್ಕ ಎರಡು ಸಂಕಲ್ಪ ಇಟ್ಕೊಂಡು ಕುಂತ್ರ ದೇವರು ಯಾವುದಕ್ಕ ಫಲ ಕೊಡಬೇಕವ್ವಾ?” ಎಂದೆ.

“ತಾತಾ, ಎರಡೂ ಖರೇನ ಅದಾವ. ಅವರ ಕಾಯ್ದೆದಾಗನ ಹಂಗ ಬರದಾರ. ಎರಡು ಮನಸ್ಸು ಇರಬಹುದು, ಸುಳ್ಳು ಇರಬಾರದು, ಅಷ್ಟ. ದೇವರಿಗೆ ನಿಮ್ಮಷ್ಟು ಅವಸರ ಇಲ್ಲ ಬಿಡ್ರಿ, ಅಂವ ಎರಡೂ ಓದ್ತಾನ” ಎಂದಳು. ಎರಡು ಮನಸ್ಸನ್ನು ಕಾಯ್ದೆಯೇ ಒಪ್ಪುವ ದೇಶದ ಬಗ್ಗೆ ನನಗೆ ಆ ದಿನ ಉತ್ತಮ ಅಭಿಪ್ರಾಯ ಉಂಟಾಗಲಿಲ್ಲ.

ಇನ್ನು ಹೊರಡುವ ದಿನದ ವಿಚಾರ. ಮೊದಲ ಸಲ ಗಂಡನ ಮನೆಗೆ ಹೊರಟ ಹೆಣ್ಣುಮಗಳನ್ನು ಉಡಿ ತುಂಬದೆ ಕಳುಹಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ನನ್ನ ಧರ್ಮಪತ್ನಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಬೇರು, ಕುಬಸದ ಖಣ ಎಲ್ಲವನ್ನೂ ಜೋಡಿಸಿ ಶಾಸ್ತ್ರೋಕ್ತವಾಗಿ ಉಡಿ ತುಂಬಿದಳು. ಗಿರಿಜೆ ಭಕ್ತಿಯಿಂದಲೇ ಸ್ವೀಕರಿಸಿದಳು; ನಮಸ್ಕಾರ ಮಾಡಿದಳು; ಎದ್ದು ನಿಂತು ಅಷ್ಟನ್ನೂ ಅಜ್ಜಿಯ ಸೆರಗಿಗೆ ಮರಳಿ ಸುರಿದಳು. “ಕಾಳು ಕಡಿ ಒಯ್ದು ಅಲ್ಲಿ ತೊಂದ್ರಿ ಮಾಡ್ಕೊಳ್ಳೂದು ಬ್ಯಾಡ. ನೋಡಾಕ ಹೊಂಟಾಕಿ ನಾನು, ಸಂಸಾರ ಹೂಡಾಕ ಅಲ್ಲ.” ತುಂಬಿದ ಉಡಿ ಹೊಸ್ತಿಲು ದಾಟುವ ಮೊದಲೇ ಬರಿದಾದುದನ್ನು ಕಂಡು ನನ್ನ ಜೀವ ಚುರುಕ್ಕೆಂದಿತು.

ಆಗ ನನ್ನ ತರ್ಕಶಾಸ್ತ್ರ ಜಾಗೃತವಾಯಿತು. ಧಾನ್ಯವಲ್ಲದ, ಫಲವಲ್ಲದ, ದ್ರವವಲ್ಲದ, ಕೊಳೆಯದ, ಸೋರದ, ಆದರೂ ಮಂಗಳಕರವಾದ ವಸ್ತು ಯಾವುದು? ದೇವರ ಕೋಣೆಯ ಪೆಟ್ಟಿಗೆಯಲ್ಲಿ ನಮ್ಮ ಮನೆತನದ ತೊಟ್ಟಿಲ ಸರಪಳಿಯಿತ್ತು. ಹಿತ್ತಾಳೆಯದು, ನಡುನಡುವೆ ಗಿಳಿಗಳಿವೆ. ನನ್ನನ್ನು ತೂಗಿದ್ದು ಅದೇ, ಗಿರಿಜೆಯ ತಾಯಿಯನ್ನೂ ಗಿರಿಜೆಯನ್ನೂ ತೂಗಿದ್ದು ಅದೇ. ನಮ್ಮ ಅಣ್ಣತಮ್ಮಂದಿರ ಮನೆಗಳಲ್ಲಿ ಎಲ್ಲಿ ಕೂಸು ಹುಟ್ಟಿದರೂ ಅದು ಅಲ್ಲಿಗೆ ಹೋಗುತ್ತದೆ; ಆ ತೊಟ್ಟಿಲು ಬಿಚ್ಚಿದ ಮೇಲೆ ಹಿರಿಯನ ಮನೆಗೆ ಬಂದು, ಹುಣಸೆಹಣ್ಣಿನಲ್ಲಿ ತೊಳೆಸಿಕೊಂಡು, ಪೂಜೆ ಪಡೆದು, ಆನಂತರವೇ ಮುಂದಿನ ಮನೆಗೆ. ಇದಕ್ಕಿಂತ ದೊಡ್ಡ ಆಶೀರ್ವಾದ ಯಾವುದಿದೆ ಎಂದುಕೊಂಡು, ಗಿರಿಜೆ ನೆರೆಯವರಿಗೆ ಹೇಳಿಬರಲು ಹೋದಾಗ, ಆಕೆಯ ಚೀಲದ ತಳದಲ್ಲಿ, ಆಕೆ ಮರಳಿಸಿದ ಖಣದ ಮಡಿಕೆಯೊಳಗೆ ಅದನ್ನು ಇರಿಸಿ ಜಿಪ್ಪು ಎಳೆದೆ. ಗಂಡನ ಮನೆಯಲ್ಲಿ ಬಿಚ್ಚಿದಾಗ ಕಂಡು ಬೆರಗಾಗಲಿ ಎಂಬುದು ನನ್ನ ಆಸೆ. ಬೆರಗಾದವರು ಬೇರೆಯವರು.

ಆಕೆ ತಲುಪಬೇಕಾದ ದಿನ ಅಲ್ಲಿ ಮುಂಜಾನೆ, ಇಲ್ಲಿ ಸಂಜೆ. ದೀಪ ಹಚ್ಚಿ ಜಪಕ್ಕೆ ಕುಳಿತಿದ್ದೆ. ಫೋನು ಬಂತು. ವೀರೇಶ.

“ತಾತಾರ, ನಮಸ್ಕಾರ್ರಿ. ಗಿರಿಜಾ ಇಳದಾಳ. ಆದ್ರ ಹೊರಗ ಬಂದಿಲ್ಲ. ಬ್ಯಾರೆ ಖೋಲಿಗೆ ಕರಕೊಂಡು ಹೋಗ್ಯಾರ. ಅಲ್ಲಿಂದ ಅಧಿಕಾರಿ ನನಗ ಫೋನ್ ಮಾಡಿದ್ದ. ಬ್ಯಾಗಿನ್ಯಾಗ ಹಿತ್ತಾಳಿ ಸರಪಳಿ ಸಿಕ್ಕೈತಿ, ಏನದು ಅಂತ ಕೇಳಿದ.”

ನನ್ನ ಕೈಯ ಮಣಿ ಅಲ್ಲಿಯೇ ನಿಂತಿತು. “ನೀ ಏನಂದಿ?”

“ನನಗೇನ್ ಗೊತ್ತರಿ. ಎತ್ತು ಕಟ್ಟೂ ಸರಪಳಿ ಇರಬೇಕು ಅಂದೆ.”

“ಎತ್ತಿಗೆ ಯಾರರ ಹಿತ್ತಾಳಿ ಸರಪಳಿ ಹಾಕ್ತಾರೇನೊ?”

“ಅಧಿಕಾರಿ ಅದನ್ನ ಕೇಳಲಿಲ್ರಿ. ನಿನ್ನ ಹತ್ರ ಎತ್ತು ಎಷ್ಟು ಅದಾವ ಅಂತ ಕೇಳಿದ. ಒಂದೂ ಇಲ್ಲ ಅಂದೆ. ಅಷ್ಟಕ್ಕ ಫೋನ್ ಇಟ್ಟ.” ಅವನ ದನಿ ಸಣ್ಣಗಾಯಿತು. “ಆಕಿ ಏನ್ ಹೇಳ್ಯಾಳೊ ಏನೊ. ಇಬ್ಬರ ಮಾತು ಬ್ಯಾರೆ ಬ್ಯಾರೆ ಆದ್ರ ಮುಗೀತ್ರಿ ತಾತಾರ.”

ತೊಟ್ಟಿಲ ಸರಪಳಿ ಎಂದು ನಾನು ಹೇಳಬೇಕಾಯಿತು. ಕೆಲವೇ ವಾರಗಳಿಗೆ ನೋಡಲು ಬಂದಿದ್ದೇನೆಂದು ಹೇಳುವ ಹೆಣ್ಣಿನ ಚೀಲದಲ್ಲಿ ತೊಟ್ಟಿಲ ಸರಪಳಿ. ಮರಳುವ ಟಿಕೆಟ್ಟು, ಆಸ್ಪತ್ರೆಯವರು ಕೊಟ್ಟ ರಜೆಯ ಪತ್ರ, ಎಲ್ಲವೂ ಒಂದು ಮಾತು ಹೇಳುತ್ತಿದ್ದವು. ನಾನಿಟ್ಟ ಮಂಗಳವಸ್ತು ಅವೆಲ್ಲವನ್ನೂ ಸುಳ್ಳು ಮಾಡುತ್ತ ಆ ಮೇಜಿನ ಮೇಲೆ ಬಿದ್ದಿತ್ತು.

ಫೋನಿನಲ್ಲಿ ನಾನಾಡಿದ್ದು ಅಡಿಗೆಮನೆಗೆ ಕೇಳಿಸಿತ್ತು. ಧರ್ಮಪತ್ನಿ ಹಿಟ್ಟಿನ ಕೈಯಲ್ಲಿಯೇ ಬಂದು ಬಾಗಿಲಲ್ಲಿ ನಿಂತಳು. “ಸರಪಳಿ ಆಕಿ ಬ್ಯಾಗಿನ್ಯಾಗ ಇಟ್ಟೀರಿ? ಗುರುಗುಂಟಾದಾಗ ನಿಮ್ಮ ತಮ್ಮನ ಸೊಸಿ ಬಸುರಿ ಅದಾಳ ಅನ್ನೂದು ನೆನಪೈತೇನು? ಕಾರಹುಣ್ಣಿವಿ ದಾಟಿದ್ರ ಹಡೀತಾಳ. ಅವರು ಸರಪಳಿ ಕೇಳಾಕ ಬಂದ್ರ ಏನ್ ಕೊಡ್ಲಿ? ನಿಮ್ಮ ತರ್ಕದ ಪುಸ್ತಕ ಕೊಡ್ಲೇನು, ಅದನ್ನ ಕಟ್ಟಿ ಕೂಸಿನ್ನ ತೂಗ್ತಾರ.”

“ಅಲ್ಲಿ ಹುಡುಗಿ ಸಿಕ್ಕೊಂಡಾಳ. ನಿನಗ ಗುರುಗುಂಟಾದ ಚಿಂತಿ” ಎಂದೆ.

“ಎರಡೂ ನೀವ ಮಾಡಿದ್ದು. ಒಂದು ಚಿಂತಿ ನೀವು ಮಾಡ್ರಿ, ಒಂದು ನಾ ಮಾಡ್ತೀನಿ” ಎಂದು ಹೇಳಿ ಆಕೆ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಒಲೆಯ ಮೇಲೆ ರೊಟ್ಟಿ ಕರಕಲಾಯಿತು, ಇಬ್ಬರೂ ಏಳಲಿಲ್ಲ. ನಾನು ಜಪ ಮುಂದುವರಿಸಲು ನೋಡಿದೆ. ಮಂತ್ರದ ನಡುವೆ ಗಿರಿಜೆಯ ಮುಖ ಬರುತ್ತಿತ್ತು. ಅದರ ಹಿಂದೆಯೇ ಹಿತ್ತಾಳೆಯ ಗಿಳಿಗಳು ಸಾಲಾಗಿ ಬರುತ್ತಿದ್ದವು. ಮಠದಲ್ಲಿ ಎಷ್ಟೋ ಪುರಾಣ ಹೇಳಿ, ಭಕ್ತನ ಸಂಕಟವನ್ನು ವಿವರಿಸಿ ಜನರ ಕಣ್ಣಲ್ಲಿ ನೀರು ತರಿಸಿದವನು ನಾನು. ಆ ಸಂಜೆ, ಫೋನು ಮುಂದಿಟ್ಟುಕೊಂಡು ಕುಳಿತಾಗ, ಅಲ್ಲಿಯವರೆಗೆ ನಾನು ವಿವರಿಸಿದ್ದೆಲ್ಲ ಪರರಿಂದ ಕೇಳಿದ ಮಾತಷ್ಟೇ ಎಂದು ತಿಳಿಯಿತು.

ಕತ್ತಲೆ ಕವಿಯುವ ಹೊತ್ತಿಗೆ ಫೋನು ಮತ್ತೆ ಬಂತು. ಈ ಸಲ ಗಿರಿಜೆಯ ದನಿ. “ಹೊರಗ ಬಂದೀನಿ ತಾತಾ.” ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

“ಬ್ಯಾಗ್ ಯಾರು ತುಂಬ್ಯಾರ ಅಂತ ಅಧಿಕಾರಿ ಕೇಳಿದ. ನಾನ ತುಂಬೀನಿ, ಇದೊಂದು ನಮ್ಮ ತಾತ ಇಟ್ಟಾರ, ನನಗ ಈಗ ಗೊತ್ತಾತು ಅಂದೆ. ತೊಟ್ಟಿಲಿಗೆ ಕಟ್ಟೂದು ಅಂದೆ. ನಿನ್ನ ಗಂಡ ಎತ್ತಿಗೆ ಅಂತಾನಲ್ಲ ಅಂದ. ಅವರು ಬ್ಯಾರೆ ಮನಿಯವರು, ಅವರನ್ನ ಇದರಾಗ ತೂಗಿಲ್ಲ, ಅದಕ್ಕ ಗೊತ್ತಿಲ್ಲ ಅಂದೆ. ಹಂಗಾರ ಇಲ್ಲೇ ಹಡಿಯಾಕ ಬಂದಿಯೇನು ಅಂದ. ಈಗ ಇದರ ಪಾಳಿ ನಂದಲ್ಲ, ನಮ್ಮ ಸೋದರಮಾವನ ಹೆಂಡತಿಗೆ ಬೇಕು. ಆಕಿ ರಕ್ತ ನಾನ ಪರೀಕ್ಷಾ ಮಾಡೀನಿ, ಕಾರಹುಣ್ಣಿವಿ ಆದ ಮ್ಯಾಲೆ ದಿನ ತುಂಬತಾವ. ಇಡೀ ಮನೆತನಕ್ಕ ಇದು ಒಂದ ಸರಪಳಿ. ಮೊದಲು ನಮ್ಮ ತಾತನ ಮನಿಗೆ ಹೋಗಬೇಕು, ಆಮ್ಯಾಲೆ ಅಲ್ಲಿಗೆ. ನಾ ವಾಪಸ್ ಹೋಗಲಿಲ್ಲಂದ್ರ ಆ ಕೂಸಿಗೆ ತೊಟ್ಟಿಲ ಇಲ್ಲ ಅಂದೆ.”

“ಅವ ಏನಂದ?”

“ಸರಪಳಿ ಕೈಯಾಗ ಹಿಡಕೊಂಡು ತೂಗಿ ನೋಡಿದ. ಎಷ್ಟು ಮಂದಿನ್ನ ತೂಗೈತಿ ಅಂದ. ಲೆಕ್ಕ ಇಟ್ಟಿಲ್ಲ ಅಂದೆ. ಕಾರಹುಣ್ಣಿವಿ ಅಂದ್ರ ಯಾವ ತಿಂಗಳು ಅಂತ ಕೇಳಿ, ಅದರ ಒಳಗನ ಹೋಗಬೇಕು ಅಂತ ತಾರೀಖು ಬರದು ಕೊಟ್ಟ.” ಆಮೇಲೆ ಹೇಳಿದಳು: “ತಾತಾ, ನಾ ನಿಮ್ಮ ಮ್ಯಾಲೆ ಸಿಟ್ಟು ಆಗೀನಿ. ಆದ್ರ ಇವರು ಇಲ್ಲೇ ಬಾಜೂಕ ನಿಂತಾರ, ಸಿಟ್ಟು ನಾಳೆ ಮಾಡ್ತೀನಿ.”

ಮಾಡಿದಳು. ಅದನ್ನು ಇಲ್ಲಿ ವಿವರಿಸುವುದಿಲ್ಲ. ಕಾರಹುಣ್ಣಿಮೆಗೆ ಮುಂಚೆಯೇ ಮರಳಿ ಬಂದಳು, ಸರಪಳಿಯೂ ಬಂತು. ಅದನ್ನು ಹುಣಸೆಹಣ್ಣಿನಿಂದ ತಿಕ್ಕುವ ಶಿಕ್ಷೆ ಈ ಸಲ ನನಗೆ ಬಿತ್ತು. ಈಗ ಗುರುಗುಂಟಾದಲ್ಲಿ ಕೂಸೊಂದು, ತಾನು ಹುಟ್ಟುವ ಮೊದಲೇ ಪರದೇಶದ ಅಧಿಕಾರಿಯ ಮುಂದೆ ತನ್ನ ಹೆಸರಿನಲ್ಲಿ ಸಾಕ್ಷಿ ನಡೆದುದನ್ನು ಅರಿಯದೆ, ಗಿಳಿಗಳ ಕೆಳಗೆ ನಿದ್ರಿಸುತ್ತಿದೆ.

ದೊಡ್ಡ ಅರ್ಜಿಯ ಫಲ ಇನ್ನೂ ಬಂದಿಲ್ಲ. ಗಿರಿಜೆ ಮತ್ತೆ ಮುಂಜಾನೆ ಬಸ್ಸು ಬರುವವರೆಗೆ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಸಂಸಾರ ಮಾಡುತ್ತಾಳೆ. ನಾನು ಒಳಗೆ ಪೂಜೆಗೆ ಕುಳಿತಿರುತ್ತೇನೆ. ಕೈಯಲ್ಲಿ ನೀರು ಹಿಡಿದು ಸಂಕಲ್ಪ ಹೇಳುತ್ತೇನೆ: ಮಲ್ಲಯ್ಯಾ, ಹುಡುಗಿಯ ಅರ್ಜಿ ಬೇಗ ಮಂಜೂರಾಗಲಿ, ಗಂಡನ ಮನೆ ಸೇರಲಿ. ಇದರಲ್ಲಿ ಸುಳ್ಳಿಲ್ಲ. ಅಷ್ಟರಲ್ಲಿ ಹೊರಗಿನಿಂದ ಆಕೆಯ ನಗು ಕೇಳಿಸುತ್ತದೆ, ಕೈಯ ನೀರು ತಟ್ಟೆಗೆ ಬೀಳುವ ಮೊದಲು ಒಳಗಿನಿಂದ ಇನ್ನೊಂದು ಸಂಕಲ್ಪ ತಾನಾಗಿಯೇ ಎದ್ದು ಬರುತ್ತದೆ: ಈ ತಿಂಗಳು ಬೇಡ, ಮುಂದಿನ ತಿಂಗಳಾಗಲಿ. ಇದರಲ್ಲಿಯೂ ಸುಳ್ಳಿಲ್ಲ. ಕೆನಡಾ ದೇಶದ ಕಾಯ್ದೆಯನ್ನು ಬರೆದವರ ಬಗ್ಗೆ ನನಗೀಗ ಗೌರವ ಮೂಡಿದೆ. ಅವರ ಮನೆಯಲ್ಲಿಯೂ ಮೊಮ್ಮಗಳೊಬ್ಬಳು ಇದ್ದಿರಬೇಕು.

ಸರಪಳಿಯನ್ನು ತೂಗಿ ನೋಡಿದ ಆ ಅಧಿಕಾರಿಗೆ ಒಳಿತಾಗಲಿ. ಅವನ ಮನೆಯ ತೊಟ್ಟಿಲು ಬರಿದಾಗದಿರಲಿ. ಎತ್ತಿಲ್ಲದೆಯೂ ಎತ್ತಿನ ಮಾತಾಡಿದ ವೀರೇಶನಿಗೆ ಆಯುಷ್ಯ ಹೆಚ್ಚಲಿ. ಸಿಟ್ಟನ್ನು ಒಂದು ದಿನ ಮುಂದೂಡಿದ ಗಿರಿಜೆಗೆ ತುಂಬಿದ ಉಡಿ ಎಂದೂ ಬರಿದಾಗದ ಭಾಗ್ಯ ದೊರೆಯಲಿ. ಎರಡರಲ್ಲಿ ಒಂದು ಚಿಂತೆಯನ್ನು ಹಂಚಿಕೊಂಡ ನನ್ನ ಧರ್ಮಪತ್ನಿಗೆ ಮುತ್ತೈದೆತನವೂ, ಗುರುಗುಂಟಾದ ಕೂಸಿಗೆ ಸುಖನಿದ್ರೆಯೂ ಇರಲಿ. ಎರಡು ಸಂಕಲ್ಪಗಳನ್ನು ಕೇಳಿಯೂ ಸುಮ್ಮನಿರುವ ಮಲ್ಲಯ್ಯ, ಯಾವುದನ್ನು ಮೊದಲು ಓದಬೇಕೆಂಬುದನ್ನು ತಾನೇ ನಿರ್ಧರಿಸಲಿ. ಆ ವಿಷಯದಲ್ಲಿ ಮಾತ್ರ ನನ್ನನ್ನು ಕೇಳದಿರಲಿ.